ಐದನೆಯ ಬಿಲ್ಲೆ

ಈ ಸಲದ ಆಯುಧಪೂಜೆಯ ದಿನ ನನಗೆ ಆ ಫೋನು ಬರಲಿಲ್ಲ.

ಏಳು ವರ್ಷದಿಂದ ಆ ದಿನ ಮಧ್ಯಾಹ್ನ ಊಟದ ಹೊತ್ತಿಗೆ ತಪ್ಪದೆ ಬರುತ್ತಿತ್ತು. "ಅಣ್ಣ, ಮಷೀನಿಗೆ ಪೂಜಿ ಆತೇನ್ರಿ? ಕುಂಬಳಕಾಯಿ ಒಡದ್ರ್ಯಾ?" ಮಾತು ಅಷ್ಟೇ. ನಾನು "ಆತ್ರಿ ಮೇಡಂ" ಅನ್ನುತ್ತಿದ್ದೆ. ಅವರಿಗೆ ಹೇಳಬೇಕಾದ ಒಂದು ಮಾತು ಪ್ರತಿ ವರ್ಷ ಗಂಟಲ ತನಕ ಬರುತ್ತಿತ್ತು. ಹಬ್ಬದ ದಿನ ಯಾಕೆ, ಮುಂದಿನ ವರ್ಷ ಹೇಳಿದರಾಯಿತು ಎಂದು ನುಂಗಿಕೊಳ್ಳುತ್ತಿದ್ದೆ.

ಮರುದಿನ ನಾನೇ ಮಾಡಿದೆ. ಬೇರೆ ಹೆಂಗಸಿನ ದನಿ. "ನಾ ಆಕಿ ಅಕ್ಕ ರೀ. ಆಕಿ ಇಲ್ಲ. ಶ್ರಾವಣದಾಗ ಹೋದ್ಲು, ಡೆಂಗಿ ಆಗಿ. ನೀವು ಯಾರು?"

ನಾನು ಯಾರು ಎಂದು ಹೇಳುವುದಕ್ಕೆ ಆ ಹೊತ್ತು ನನಗೆ ಬಾಯಿ ಬರಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಬರವಣಿಗೆ ನನ್ನ ಕೆಲಸವಲ್ಲ, ಕಬ್ಬಿಣ ನನ್ನ ಕೆಲಸ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮೂವತ್ತು ವರ್ಷ ಮಷೀನಿನ ಮುಂದೆ ನಿಂತಿದ್ದೇನೆ. ನನ್ನ ಕೈ ಕೆಲಸಕ್ಕೆ ಯಾರೂ ಬೆರಳು ತೋರಿಸಿಲ್ಲ. ಮೇಡಂ ಹೆಸರನ್ನು ಮಾತ್ರ ಬರೆಯುವುದಿಲ್ಲ. ಬರೆಯುವ ಯೋಗ್ಯತೆ ನನಗಿಲ್ಲ. ಯಾಕಿಲ್ಲ ಎನ್ನುವುದು ಕೊನೆಗೆ ಗೊತ್ತಾಗುತ್ತದೆ.

ನಮ್ಮದು ಹೊಸಪೇಟೆಯ ಹೊರಗಿನ ಕಾರ್ಖಾನೆ. ಗಣಿಗಳ ಕನ್ವೇಯರ್ ಬೆಲ್ಟಿಗೆ ಬೇಕಾದ ಬೇರಿಂಗ್ ಕೂರುವ ಕಬ್ಬಿಣದ ಹೌಸಿಂಗು, ಅದರ ಮುಚ್ಚಳ, ಇಂಥವನ್ನು ಮಾಡುತ್ತೇವೆ. ಅಲ್ಲಿ ಒಂದು ಕೋಣೆಯಷ್ಟು ಜಾಗಕ್ಕೆ ಜಾಲರಿ ಬೇಲಿ ಹಾಕಿ, ಒಳಗೆ ಒಂದು ಲೇತು, ಒಂದು ಡ್ರಿಲ್ಲಿಂಗ್ ಮಷೀನು, ನಡುವೆ ಒಂದು ರೋಬೋ ಕೈ ನಿಲ್ಲಿಸಿದ್ದರು. ಪಕ್ಕದಲ್ಲಿ ಅರ್ಧ ಕೆಲಸವಾದ ಮಾಲು ಕೂರಿಸಲು ಮೂರು ಗೂಡಿನ ಒಂದು ಸ್ಟ್ಯಾಂಡು. ಹೌಸಿಂಗು ಮೊದಲು ಲೇತಿಗೆ ಹೋಗಿ ಆಮೇಲೆ ಡ್ರಿಲ್ಲಿಗೆ ಬರಬೇಕು. ಮುಚ್ಚಳ ಮೊದಲು ಡ್ರಿಲ್ಲಿಗೆ ಹೋಗಿ ಆಮೇಲೆ ಲೇತಿಗೆ ಬರಬೇಕು. ಎರಡೂ ಒಟ್ಟಿಗೇ ಓಡುತ್ತಿದ್ದವು. ಬೇಲಿಯ ಬಾಯಲ್ಲಿ ನಿಂತು ಹಸಿ ಮಾಲು ಒಳಗೆ ಕೊಡುವವನು ನಾನು.

ದಿನಕ್ಕೆ ಎರಡು ಮೂರು ಸಲ ಅದು ನಿಂತುಬಿಡುತ್ತಿತ್ತು. ಒಂದು ಬೋಲ್ಟೂ ಸಡಿಲಾಗಿರುತ್ತಿರಲಿಲ್ಲ, ಒಂದು ವಯರೂ ಸುಟ್ಟಿರುತ್ತಿರಲಿಲ್ಲ. ಲೇತಿನಲ್ಲಿ ಕೂತ ಹೌಸಿಂಗು ಡ್ರಿಲ್ಲು ಖಾಲಿಯಾಗಲಿ ಎಂದು ಕಾಯುತ್ತಿತ್ತು. ಡ್ರಿಲ್ಲಿನಲ್ಲಿ ಕೂತ ಮುಚ್ಚಳ ಲೇತು ಖಾಲಿಯಾಗಲಿ ಎಂದು ಕಾಯುತ್ತಿತ್ತು. ಒಂದನ್ನು ಪಕ್ಕಕ್ಕಿಡೋಣವೆಂದರೆ ಮೂರು ಗೂಡೂ ಭರ್ತಿ. ಎರಡೂ ಮಷೀನಿನ ಮೇಲೆ ಹಳದಿ ದೀಪ ಹೊತ್ತಿಕೊಂಡು, ರೋಬೋ ಕೈ ಗಾಳಿಯಲ್ಲಿ ನಿಂತಿರುತ್ತಿತ್ತು. ಆಗ ಇಡೀ ಶಾಪಿನಲ್ಲಿ ನನ್ನ ಹೆಸರು ಕೂಗುತ್ತಿದ್ದರು. ನಾನು ಕರೆಂಟು ತೆಗೆದು ಒಳಗೆ ಹೋಗಿ, ಇಪ್ಪತ್ತು ಕೆಜಿಯ ಮಾಲನ್ನು ಕೈಯಿಂದಲೇ ಎತ್ತಿ ಹೊರಗಿಟ್ಟು ಬಿಡಿಸುತ್ತಿದ್ದೆ. ಬೇರೆಯವರಿಗೆ ಅರ್ಧ ಗಂಟೆ ಹಿಡಿಯುವುದು ನನಗೆ ಹತ್ತು ನಿಮಿಷ. ಅದರ ಗತ್ತು ನನಗಿತ್ತು, ಸುಳ್ಳು ಯಾಕೆ ಹೇಳಲಿ.

ಮೇಡಂ ಬಂದದ್ದು ಅದನ್ನು ನಿಲ್ಲಿಸುವುದಕ್ಕೆ. ಸಂಡೂರು ತಾಲ್ಲೂಕಿನ ಚೋರನೂರಿನವರು. ಡಾಕ್ಟರೇಟಿಗೆ ಓದುತ್ತಿದ್ದರು, ಒಂದು ವರ್ಷದ ಮಟ್ಟಿಗೆ ನಮ್ಮಲ್ಲಿ ಎಂಜಿನಿಯರಾಗಿ ಸೇರಿದ್ದರು. ಮೊದಲು ನಾನು ನೋಡಿದ್ದು ಅವರ ಬೂಟು. ನಮ್ಮ ಸ್ಟೋರಿನಲ್ಲಿ ಹೆಂಗಸರ ಅಳತೆಯ ಸೇಫ್ಟಿ ಬೂಟು ಇರಲಿಲ್ಲ. ಗಂಡಸರ ಸಣ್ಣ ಸೈಜು ತೆಗೆದುಕೊಂಡು, ಮುಂದೆ ಮಷೀನು ಒರೆಸುವ ಹತ್ತಿ ತುರುಕಿ ಹಾಕಿಕೊಂಡಿದ್ದರು. ನಡೆದರೆ ಟಪ್ಪ್ ಟಪ್ಪ್ ಎಂದು ಎರಡು ಮಷೀನು ಆಚೆಯಿಂದಲೇ ಗೊತ್ತಾಗುತ್ತಿತ್ತು. ಕಿವಿಯ ಹಿಂದೆ ಯಾವಾಗಲೂ ಒಂದು ಸೀಮೆಸುಣ್ಣ.

ಆಫೀಸಿನವರು ದಪ್ಪ ಪುಸ್ತಕ ಕೊಟ್ಟು ಓದಿಕೊಳ್ಳಿ ಎಂದಿದ್ದರಂತೆ. ಪುಸ್ತಕ ಕಂಕುಳಲ್ಲಿಟ್ಟುಕೊಂಡು ನನ್ನ ಹತ್ತಿರ ಬಂದರು.

"ಅಣ್ಣ, ಇದು ಎಲ್ಲಿ ಸಿಕ್ಕೊಂತೈತಿ ಅಂತ ಈ ಪುಸ್ತಕದಾಗ ಬರದಿಲ್ಲ. ನಿಮಗ ಗೊತ್ತೈತಂತಲ್ಲ?"

"ಗೊತ್ತೈತ್ರಿ. ಆದ್ರ ಹೇಳಾಕ ಬರಂಗಿಲ್ಲ. ಸಿಕ್ಕೊಂಡ್ರ ಬಿಡಸ್ತೀನಿ."

"ಬಿಡಸೋದು ಬ್ಯಾಡ್ರಿ. ಸಿಕ್ಕೊಳ್ಳದಂಗ ಮಾಡೋಣು."

ನನಗೆ ನಗು ಬಂತು. ನಿನ್ನೆ ಬಂದವರು, ಬೂಟು ಸರಿಯಿಲ್ಲ, ಇವರು ನಿಲ್ಲಿಸುತ್ತಾರಂತೆ ಎಂದುಕೊಂಡೆ. ಆದರೆ ಅವರು ಮೂರು ವಾರ ನನ್ನ ಪಕ್ಕದಲ್ಲೇ ಒಂದು ಎಣ್ಣೆ ಡಬ್ಬಿಯ ಮೇಲೆ ಕೂತರು. ಏನು ಮೊದಲು ಹೋಯಿತು, ಏನು ಆಮೇಲೆ ಹೋಯಿತು ಎಂದು ನನ್ನನ್ನೇ ಕೇಳಿ ಬರೆದುಕೊಂಡರು. ಅಧಿಕಾರಿಗಳ ಕಡೆ ಉಣ್ಣದೆ ನಮ್ಮ ಜೊತೆ ಉಂಡರು. ಅವರಕ್ಕ ಸಂಡೂರಿನಲ್ಲಿ ರೊಟ್ಟಿ ಖಾನಾವಳಿ ನಡೆಸುತ್ತಿದ್ದರು. ಅಲ್ಲಿಂದ ಬಸ್ಸಿನಲ್ಲಿ ಬರುತ್ತಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ನಮ್ಮೆಲ್ಲರ ಪಾಲಿಗೂ ಇರುತ್ತಿತ್ತು.

ಒಂದು ದಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಉಂಗುರಗಳನ್ನು ಬರೆದರು. ಉಂಗುರಗಳ ನಡುವೆ ದಪ್ಪ ಗೆರೆ, ಗೆರೆಯಿಂದ ಉಂಗುರಕ್ಕೆ ಬಾಣ. ಲೇತಿಗೊಂದು ಉಂಗುರ, ಡ್ರಿಲ್ಲಿಗೊಂದು, ಗೂಡಿಗೊಂದೊಂದು.

"ಇದಕ್ಕ ಪೆಟ್ರಿ ನೆಟ್ ಅಂತಾರ. ಉಂಗುರ ಅಂದ್ರ ಜಾಗ. ಗೆರಿ ಅಂದ್ರ ಬಾಗಲ. ಗೆರಿ ಹಿಂದಿನ ಉಂಗುರದಾಗ ಎಲ್ಲಾ ಕಡೆ ಕಾಳು ಇದ್ರ ಬಾಗಲ ತೆಗೀತೈತಿ, ಇಲ್ಲಂದ್ರ ಇಲ್ಲ. ಉಂಗುರ, ಗೆರಿ, ಬಾಣ. ಮೂರೇ ಅಕ್ಷರ ಅಣ್ಣ. ನೀವು ಏಳನೇ ಕ್ಲಾಸ್ ಅಂತ ಅಳಕತೀರಿ, ಇದಕ್ಕ ಒಂದನೇ ಕ್ಲಾಸೂ ಬ್ಯಾಡ."

ನಾನು ಅಳುಕುತ್ತೇನೆ ಎಂದು ಯಾರಿಗೂ ಗೊತ್ತಿರಲಿಲ್ಲ. ಅವರಿಗೆ ಹೇಗೆ ಗೊತ್ತಾಯಿತೋ.

ಹೌಸಿಂಗಿಗೆ ಹುಣಸೆಬೀಜ, ಮುಚ್ಚಳಕ್ಕೆ ಶೇಂಗಾ ಇಟ್ಟು ಓಡಿಸಿ ತೋರಿಸುತ್ತಿದ್ದರು. ಕ್ರೇನ್ ನಡೆಸುವ ನಮ್ಮ ಹಿರಿಯ ಗಾದಿಲಿಂಗಪ್ಪ ಬಗ್ಗಿ ಒಂದು ಶೇಂಗಾ ಎತ್ತಿ ಬಾಯಿಗೆ ಹಾಕಿಕೊಂಡು, "ಈ ಮಾಲು ಡಿಸ್ಪ್ಯಾಚ್ ಆತ್ ನೋಡ್ರಿ ಮೇಡಂ" ಎಂದ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮರುದಿನದಿಂದ ಶೇಂಗಾ ಹೋಗಿ ಗುಲಗಂಜಿ ಬಂತು. ಒಂದು ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಕಪ್ಪು ಬೀಜ, ಕೆಂಪು ಬೀಜ, ಯಾವಾಗಲೂ ಅವರ ಜೇಬಿನಲ್ಲಿ ಗಲಗಲ ಅನ್ನುತ್ತಿದ್ದವು.

ರಜೆಯ ದಿನ ಹಂಪಿಗೆ ಹೋದಾಗಲೂ ಅದೇ ಕತೆ. ಒಂದು ಮಂಟಪದ ನೆಲದಲ್ಲಿ ಯಾರೋ ಹಿಂದಿನವರು ಆಟಕ್ಕೆಂದು ಕೆತ್ತಿದ ಕುಳಿಗಳಿದ್ದವು. ಕಂಡದ್ದೇ ತಡ, ಮಂಡಿಯೂರಿ ಕೂತು ಡಬ್ಬಿ ತೆಗೆದರು. ಕಾವಲಿನವನು ಬಂದು, "ಇಲ್ಲಿ ಆಟ ಆಡಂಗಿಲ್ರಿ" ಎಂದ. "ಆಟ ಅಲ್ರಿ, ನಾವು ಡ್ಯೂಟಿ ಮ್ಯಾಲ ಅದೀವಿ" ಎಂದರು ತಲೆ ಎತ್ತದೆ. ಆತ ಕೊನೆಗೆ ಪಕ್ಕದಲ್ಲೇ ಕೂತು ಯಾವ ಬೀಜ ಎಲ್ಲಿಗೆ ಹೋಗಬೇಕೆಂದು ನಮಗೇ ಹೇಳತೊಡಗಿದ್ದ.

ಅವರ ಲೆಕ್ಕ ನನಗೆ ತಲೆಗೆ ಹತ್ತಿದ್ದು ಮಾತ್ರ ಕಂಪ್ಲಿ ದಾರಿಯಲ್ಲಿ. ನನ್ನ ತಂಗಿಯ ಮನೆಯ ಕಾರ್ಯಕ್ಕೆ ಅವರನ್ನೂ ಕರೆದುಕೊಂಡು ಬಸ್ಸಿನಲ್ಲಿ ಹೋಗುತ್ತಿದ್ದೆ. ಕಾಲುವೆಯ ಸಣ್ಣ ಸೇತುವೆಯ ಮೇಲೆ ಎರಡು ಕಬ್ಬಿನ ಟ್ರ್ಯಾಕ್ಟರು ಎದುರುಬದುರು ನಿಂತಿದ್ದವು. ಇವನು ಅವನಿಗೆ ಹಿಂದಕ್ಕೆ ಹೋಗು ಅನ್ನುತ್ತಾನೆ, ಅವನು ಇವನಿಗೆ. ಇಬ್ಬರ ಹಿಂದೆಯೂ ಗಾಡಿಗಳ ಸಾಲು. ನಾನು ಬಿಡಿಸೋಣವೆಂದು ಎದ್ದೆ. ಅವರು ನನ್ನ ತೋಳು ಹಿಡಿದು ಕೂರಿಸಿದರು.

"ಇಲ್ಲಿ ಯಾರೂ ತಪ್ಪು ಮಾಡಿಲ್ಲ ಅಣ್ಣ, ಅದಕ್ಕೇ ಸಿಕ್ಕೊಂಡಾರ. ತಪ್ಪು ಮಾಡಿದವನಾದ್ರ ಹಿಂದ ಸರೀತಿದ್ದ. ಸೇತುವಿ ಮ್ಯಾಲ ಬಿಡಸೋದಲ್ಲ. ಸೇತುವಿಗೆ ಬರೋಕಿಂತ ಮುಂಚೆ ಒಬ್ಬನ್ನ ತಡೀಬೇಕು."

ಅದೇ ವಾರ ನನ್ನಿಂದ ಹಿತ್ತಾಳೆಯ ನಾಲ್ಕು ಬಿಲ್ಲೆ ಮಾಡಿಸಿದರು. ರೂಪಾಯಿಗಿಂತ ತುಸು ದೊಡ್ಡವು, ನಡುವೆ ತೂತು. ಬೇಲಿಯ ಬಾಯಲ್ಲಿ ಒಂದು ಮೊಳೆ ಹೊಡೆದು ತೂಗು ಹಾಕಿದರು. ಒಂದು ಹಸಿ ಮಾಲು ಒಳಗೆ ಕೊಡುವಾಗ ಒಂದು ಬಿಲ್ಲೆ ಅದನ್ನು ಕೂರಿಸುವ ಹಲಗೆಯ, ಅಂದರೆ ಪ್ಯಾಲೆಟ್ಟಿನ, ಮೇಲೆ ಹೋಗಬೇಕು. ಮಾಲು ತಯಾರಾಗಿ ಹೊರಬಂದಾಗ ಬಿಲ್ಲೆ ಮತ್ತೆ ಮೊಳೆಗೆ. ಮೊಳೆ ಖಾಲಿಯಿದ್ದರೆ ಕೈ ಕಟ್ಟಿಕೊಂಡು ನಿಲ್ಲಬೇಕು, ಎಷ್ಟೇ ಅವಸರವಿದ್ದರೂ.

"ಒಳಗ ಇರೋದು ಐದು ಜಾಗ. ನಾಲ್ಕೇ ಮಾಲು ಬಿಟ್ರ ಯಾವಾಗಲೂ ಒಂದು ಜಾಗ ಖಾಲಿ ಇರ್ತೈತಿ. ಆ ಒಂದು ಖಾಲಿ ಜಾಗದಿಂದ ಎಲ್ಲಾವೂ ಉಸಿರಾಡ್ತಾವ."

"ಇಷ್ಟಕ್ಕ ಇಡೀ ನೋಟ್‌ಬುಕ್ ಯಾಕ ತುಂಬಿಸೀರಿ?"

"ನೀವು ನನ್ನ ಮಾತು ನಂಬತೀರಿ ಅಣ್ಣ. ಬ್ಯಾರೆಯವರಿಗೆ ರುಜುವಾತು ಕೊಡಬೇಕಲ್ರಿ. ಯಾವ ಯಾವ ರೀತಿ ಕುಂದ್ರಾಕ ಸಾಧ್ಯ ಐತೋ ಅಷ್ಟೂ ಇದರಾಗ ಬರದೀನಿ. ಒಂದರಾಗೂ ನಿಲ್ಲಂಗಿಲ್ಲ."

ನಿಲ್ಲಲಿಲ್ಲ. ಆರು ತಿಂಗಳು ಒಂದೇ ಒಂದು ಸಲವೂ ನಿಲ್ಲಲಿಲ್ಲ. ಮ್ಯಾನೇಜರು ಬಿಲ್ಲೆ ಎಣಿಸಿ ನೋಡಿ ಎಂದು ಅವರಿಗೆ ಹೇಳಿದಾಗ, "ಅಣ್ಣ ಎಣಿಸಿದ್ರ ನಾ ಎಣಿಸಂಗಿಲ್ಲ ಸರ್" ಎಂದಿದ್ದರು, ಎಲ್ಲರ ಮುಂದೆ. ನಾನು ಎದೆಯುಬ್ಬಿಸಿದ್ದೆ. ಆದರೆ ಆ ಆರು ತಿಂಗಳು ಶಾಪಿನಲ್ಲಿ ನನ್ನ ಹೆಸರನ್ನು ಯಾರೂ ಕೂಗಲಿಲ್ಲ. ಬಿಡಿಸುವುದಕ್ಕೆ ಏನೂ ಇರಲಿಲ್ಲ. ಅದೂ ಒಳಗೊಳಗೆ ನನ್ನನ್ನು ಕೊರೆಯುತ್ತಿತ್ತು.

ಆಯುಧಪೂಜೆ ಬಂತು. ಗಾದಿಲಿಂಗಪ್ಪನದೇ ಪೂಜೆ. ಲೇತು, ಡ್ರಿಲ್ಲು, ರೋಬೋ ಕೈ, ಎಲ್ಲಕ್ಕೂ ಚೆಂಡುಹೂವು. ಬಿಲ್ಲೆಗಳನ್ನು ಹುಣಸೆಹುಳಿ ಹಾಕಿ ಬೆಳಗಿ ತಟ್ಟೆಯಲ್ಲಿಟ್ಟೆ. ಗಾದಿಲಿಂಗಪ್ಪ ತಟ್ಟೆ ನೋಡಿ ಮುಖ ಸಿಂಡರಿಸಿದ.

"ನಾಕು ಇಡತಾರೇನಲೇ ಪೂಜಿಗೆ? ನಾಕು ಹೆಣ ಹೊರಾಕ. ಐದು ಇಡು."

ನಾನು ಹಳೇ ಲೇತಿಗೆ ಹೋಗಿ ಇನ್ನೊಂದು ತಿರುವಿ ತಂದೆ. ಅದೇ ಅಳತೆ, ಅದೇ ತೂತು. ಯಾವುದು ಹೊಸದೆಂದು ನನಗೇ ಗೊತ್ತಾಗದಷ್ಟು ಒಂದೇ ಥರ. ಐದಕ್ಕೂ ಕುಂಕುಮ ಹಚ್ಚಿದೆವು. ಮರುದಿನ ಬೆಳಿಗ್ಗೆ ತಟ್ಟೆಯಲ್ಲಿದ್ದದ್ದನ್ನು ಹಾಗೇ ಬಾಚಿ ಮೊಳೆಗೆ ಹಾಕಿದೆ. ಎಣಿಸಲಿಲ್ಲ. ನನ್ನ ಕೈ ಮೇಲೆ ನನಗೆ ಅಷ್ಟು ಭರವಸೆ.

ಐದಿದ್ದರೂ ಅದು ತಕ್ಷಣ ನಿಲ್ಲುವುದಿಲ್ಲ. ಲೇತಿನಲ್ಲಿ ಹೌಸಿಂಗು, ಡ್ರಿಲ್ಲಿನಲ್ಲಿ ಮುಚ್ಚಳ, ಮೂರೂ ಗೂಡು ಭರ್ತಿ, ಇಷ್ಟೂ ಒಂದೇ ಹೊತ್ತಿಗೆ ಕೂಡಿಬರಬೇಕು. ಕೆಲವು ದಿನ ಕೂಡಿಬರಲಿಲ್ಲ. ಕೂಡಿಬಂದದ್ದು, ದೊಡ್ಡ ಗಿರಾಕಿಯ ಕಡೆಯವರು ಮೇಡಂ ಮಾಡಿದ ಏರ್ಪಾಟು ನೋಡಲು ಬಂದ ದಿನ. ಅವರು ಹೇಳಿದ್ದಕ್ಕಿಂತ ಮುಂಚೆಯೇ ಬಂದು ಶಾಪಿಗೆ ಇಳಿದಿದ್ದರು. ಮೇಡಂ ಇನ್ನೂ ಮೇಲೆ ಮೀಟಿಂಗ್ ರೂಮಿನಲ್ಲಿ ಚಾರ್ಟು ಅಂಟಿಸುತ್ತಿದ್ದರು.

ಎರಡೂ ದೀಪ ಹಳದಿಯಾದವು. ರೋಬೋ ಕೈ ನಿಂತಿತು.

"ಬಿಡಸಪಾ, ಜಲ್ದಿ!" ಎಂದು ಮ್ಯಾನೇಜರು ನನ್ನ ಹೆಸರು ಹಿಡಿದು ಕೂಗಿದರು. ಆರು ತಿಂಗಳ ಮೇಲೆ ನನ್ನ ಹೆಸರು. ನಾನು ಒಳಗೆ ಹಾರಿದೆ. ಮೊದಲ ಗೂಡಿನದು ಎತ್ತಿದೆ, ಎರಡನೆಯದು ಎತ್ತಿದೆ. ಮೂರನೆಯ ಗೂಡಿನ ಪ್ಯಾಲೆಟ್ಟಿನ ಮೇಲಿದ್ದ ಬಿಲ್ಲೆಯ ತೂತಿನಲ್ಲಿ ಕುಂಕುಮ ಒಣಗಿತ್ತು. ಮಷೀನಿನಲ್ಲಿ ಎರಡು, ಇಲ್ಲಿ ಮೂರು. ಐದು. ಆಗ ತಿಳಿಯಿತು. ಆ ಬಿಲ್ಲೆಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ. ಮಾಲನ್ನೆಲ್ಲ ಹೊರಗೆ ಹಾಕಿದೆ. ಹೇಗೆ ಕೂತಿದ್ದವು, ಎಷ್ಟಿದ್ದವು ಎನ್ನುವ ಗುರುತು ಎಲ್ಲೂ ಉಳಿಯಲಿಲ್ಲ.

ಟಪ್ಪ್ ಟಪ್ಪ್ ಎಂದು ಓಡಿಬಂದರು. ಮುಖ ಬಿಳಿಚಿತ್ತು.

"ಅಣ್ಣ, ಒಳಗ ಎಷ್ಟಿದ್ವು?"

ಮ್ಯಾನೇಜರು ನೋಡುತ್ತಿದ್ದರು. ಗಿರಾಕಿಯವರು ನೋಡುತ್ತಿದ್ದರು. ಗಾದಿಲಿಂಗಪ್ಪ ಕ್ರೇನಿನ ಮೇಲಿಂದ ನೋಡುತ್ತಿದ್ದ.

"ನಾಕು" ಎಂದೆ.

"ಖರೇನ? ನಾಕ ಇದ್ವಾ?"

"ನಾನು ಎಣಿಸಿದ್ದು ಯಾವತ್ತರ ತಪ್ಪೈತೇನ್ರಿ ಮೇಡಂ?"

ಹೀಗೆಂದೆ ನಾನು. ಗದರಿದ ಹಾಗೆ. ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿ, "ಇಲ್ಲ ಅಣ್ಣ" ಎಂದು ತಲೆ ತಗ್ಗಿಸಿದರು. ನನ್ನ ಮಾತಿನ ಮೇಲೆ ಅನುಮಾನ ಅವರಿಗೆ ಬರಲೇ ಇಲ್ಲ. ಅನುಮಾನ ಬಂದದ್ದು ಅವರ ನೋಟ್‌ಬುಕ್ಕಿನ ಮೇಲೆ.

"ನಿಮ್ಮ ಲೆಕ್ಕ ಪುಸ್ತಕದಾಗ ಇರಲಿ ಬಿಡ್ರಿ ಮೇಡಂ" ಎಂದರು ಮ್ಯಾನೇಜರು. ಆ ವಾರವೇ ಮೊಳೆ ಕಿತ್ತರು. ಮೇಡಂ ಆ ತಿಂಗಳೆಲ್ಲ ಎಣ್ಣೆ ಡಬ್ಬಿಯ ಮೇಲೆ ಕೂತು ಬೀಜ ಓಡಿಸಿದ್ದೇ ಓಡಿಸಿದ್ದು. "ರೋಬೋ ಕೈಯಾಗ ಇರೋ ಮಾಲು ನಾ ಲೆಕ್ಕಕ್ಕ ಹಿಡಿದಿಲ್ಲೇನೋ" ಎಂದು ತಮ್ಮಷ್ಟಕ್ಕೆ ಅಂದುಕೊಳ್ಳುತ್ತಿದ್ದರು. ನಾನು ಮೂರು ಮಾರು ದೂರದಲ್ಲಿ ನಿಂತಿದ್ದೆ. ಬಿಲ್ಲೆ ನನ್ನ ಜೇಬಿನಲ್ಲಿತ್ತು.

ವರ್ಷ ತುಂಬುವ ಮೊದಲೇ ಬಿಟ್ಟು ಹೊರಟರು. ಹೋಗುವ ದಿನ ಬೂಟನ್ನು ಸ್ಟೋರಿಗೆ ಒಪ್ಪಿಸಿ, ಚಪ್ಪಲಿ ಹಾಕಿಕೊಂಡು ನನ್ನ ಹತ್ತಿರ ಬಂದರು. ಸದ್ದಿಲ್ಲದೆ ಬಂದದ್ದು ಅದೊಂದೇ ಸಲ.

"ತಪ್ಪು ನಂದ ಅಣ್ಣ. ಎಲ್ಲಾರ ಮುಂದ ನಿಮಗ ಮುಜುಗರ ಮಾಡಿದೆ. ಮನಸ್ಸಿನ್ಯಾಗ ಇಟ್ಕಾಬ್ಯಾಡ್ರಿ."

ಆಗ ಹೇಳಬಹುದಿತ್ತು. ಅಲ್ಲಿ ಯಾರೂ ಇರಲಿಲ್ಲ. ಮಷೀನು ಬಂದ್ ಇತ್ತು. "ಹೋಗಿ ಬರ್ರಿ ಮೇಡಂ" ಎಂದೆ. ಇನ್ನೂ ಒಂದು ನಿಜ ಬರೆದುಬಿಡುತ್ತೇನೆ. ಮಾರನೇ ವಾರ ಮಷೀನು ಸಿಕ್ಕಿಕೊಂಡು ನನ್ನ ಹೆಸರು ಕೂಗಿದಾಗ ನನಗೆ ಸಂತೋಷವಾಯಿತು.

ಈ ಲೆಕ್ಕವನ್ನೇ ನೆಚ್ಚಿದ್ದ ಅವರ ಡಾಕ್ಟರೇಟು ಅಲ್ಲಿಗೇ ನಿಂತಿತೆಂದು ಆಮೇಲೆ ಗೊತ್ತಾಯಿತು. ಬಳ್ಳಾರಿಯಲ್ಲಿ ಡಿಪ್ಲೊಮಾ ಮಕ್ಕಳಿಗೆ ಪಾಠ ಹೇಳಿಕೊಂಡಿದ್ದರು. ವರ್ಷಕ್ಕೊಂದು ಫೋನು ನನಗೆ ಬರುತ್ತಿತ್ತು. ಅದನ್ನು ಮೊದಲೇ ಹೇಳಿದೆ.

ಸುದ್ದಿ ತಿಳಿದ ಮೇಲೆ ಮ್ಯಾನೇಜರ ಕೋಣೆಗೆ ಹೋಗಿ ಬಿಲ್ಲೆಯನ್ನು ಮೇಜಿನ ಮೇಲಿಟ್ಟೆ. ತಪ್ಪು ನನ್ನದು, ಮೇಡಂ ಲೆಕ್ಕ ಸರಿಯಿತ್ತು ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, "ಯಾವ ಮೇಡಂ?" ಎಂದರು.

ಹೋದ ಭಾನುವಾರ ಸಂಡೂರಿಗೆ ಹೋದೆ. ಮಧ್ಯಾಹ್ನದ ಊಟದ ಗಿರಾಕಿಗಳು ಹೋಗಿ ಖಾನಾವಳಿ ಖಾಲಿಯಾಗಿತ್ತು. ಅವರಕ್ಕ ಒಲೆಯ ಮುಂದಿನಿಂದ ಎದ್ದು ಬಂದರು. ನಾನು ಇಂಥವನು ಎಂದೆ.

"ಓ, ಅಣ್ಣ ಅಂದ್ರ ನೀವೇನು? ಬರ್ರಿ, ಕುಂದ್ರಿ. ರೊಟ್ಟಿ ಹಾಕ್ಲ್ಯಾ?"

"ಬ್ಯಾಡ್ರಿ ಅಕ್ಕಾರ. ಅವರ ನೋಟ್‌ಬುಕ್ ಐತೇನ್ರಿ?"

ನೋಟ್‌ಬುಕ್ಕೂ ಇತ್ತು, ಡಬ್ಬಿಯೂ ಇತ್ತು. ಉಂಗುರಗಳ ಆ ಹಾಳೆ ತಿದ್ದಿ ತಿದ್ದಿ ಬಟ್ಟೆಯಂತೆ ಮೆತ್ತಗಾಗಿತ್ತು. ಮೂಲೆಯಲ್ಲಿ ಅವರ ಕೈಬರಹ: "ಒಳಗೆ ಇದ್ದದ್ದು ನಾಲ್ಕು. ಅಣ್ಣ ಎಣಿಸಿದ್ದು." ಅದರ ಕೆಳಗೆ ಎರಡು ಗೆರೆ.

ಊಟದ ಮೇಜಿನ ಮೇಲೆ ಹಾಳೆ ಹಾಸಿದೆ. ಲೇತಿಗೆ ಕಪ್ಪು ಬೀಜ, ಡ್ರಿಲ್ಲಿಗೆ ಕೆಂಪು, ಮೂರು ಗೂಡಿನಲ್ಲಿ ಎರಡಕ್ಕೆ ಒಂದೊಂದು. ಒಟ್ಟು ನಾಲ್ಕು. ಓಡಿಸಿದೆ. ಓಡಿತು. ಆಮೇಲೆ ಬೀಜಗಳನ್ನು ಮೊದಲಿನಂತೆ ಜೋಡಿಸಿ, ಮ್ಯಾನೇಜರ ಮೇಜಿನಿಂದ ವಾಪಸು ತಂದಿದ್ದ ಬಿಲ್ಲೆಯನ್ನು ಜೇಬಿನಿಂದ ತೆಗೆದು ಖಾಲಿಯಿದ್ದ ಮೂರನೆಯ ಗೂಡಿನ ಮೇಲಿಟ್ಟೆ. "ಈಗ ಯಾವ್ದು ಎಲ್ಲಿಗೆ ಹೋಗ್ಬೇಕು ಹೇಳ್ರಿ" ಎಂದೆ. ಅಕ್ಕ ಕಪ್ಪು ಬೀಜಕ್ಕೆ ಬೆರಳಿಟ್ಟರು, ಜಾಗವಿಲ್ಲ. ಕೆಂಪಿಗೆ ಬೆರಳಿಟ್ಟರು, ಜಾಗವಿಲ್ಲ. ಬೆರಳು ಹಾಗೇ ನಿಂತಿತು. ಆ ಬಿಲ್ಲೆ ಎಲ್ಲಿಂದ ಬಂತು, ಆ ದಿನ ನಾನು ಏನೆಂದೆ, ಎಲ್ಲವನ್ನೂ ಹೇಳಿದೆ.

ಅವರು ಎದುರಿನ ಬೆಂಚಿನ ಮೇಲೆ ಕೂತರು.

"ಎರಡು ವರ್ಷ ಇದೇ ಹಾಳಿ ಮುಂದ ಕುಂತ್ಲು" ಎಂದರು ಆಮೇಲೆ. "'ಅಕ್ಕಾ, ಎಲ್ಲೋ ಒಂದು ತಪ್ಪೈತಿ, ನನಗ ಕಾಣವಲ್ದು' ಅಂತಿದ್ಲು. ನಾನ ಅಂದೆ, ಆ ನಿಮ್ಮಣ್ಣನ ಎಣಿಕಿ ತಪ್ಪಿರಬೇಕು ನೋಡಲೇ ಅಂತ. ಭಾಳ ಸಿಟ್ಟು ಬಂತು ಆಕಿಗೆ. ಎರಡು ದಿನ ನನ್ನ ಜೋಡಿ ಮಾತು ಬಿಟ್ಲು."

ಅವರು ಹಾಳೆಯ ಮೂಲೆಯ ಆ ಎರಡು ಗೆರೆಯ ಮೇಲೆ ಬೆರಳಿಟ್ಟರು.

"ಹಂಗಾದ್ರ ಆಕಿ ಲೆಕ್ಕ ಸರಿ ಇತ್ತಾ?"

"ಸರಿ ಇತ್ತು ಅಕ್ಕಾರ."

ಬೈಯಲಿ, ಹೊರಗೆ ಹಾಕಲಿ ಎಂದು ಕಾದೆ. ಅವರು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಆ ಬಿಲ್ಲೆಯನ್ನು ಎರಡು ಬೆರಳಲ್ಲಿ ಎತ್ತಿ ಹಾಳೆಯಿಂದ ಆಚೆ ಇಟ್ಟರು.

"ಈಗ ಓಡಸ್ರಿ."

ಓಡಿಸಿದೆ. ಕಪ್ಪು ಬೀಜ ಖಾಲಿ ಗೂಡಿಗೆ ಬಂತು, ಕೆಂಪು ಲೇತಿಗೆ ಹೋಯಿತು, ಕಪ್ಪು ಡ್ರಿಲ್ಲಿಗೆ ಹೋಯಿತು. ಒಂದೊಂದಾಗಿ ಹೊರಗೆ ಬಂದವು, ಹೊಸವು ಒಳಗೆ ಹೋದವು. ಅಕ್ಕ ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

"ಇನ್ನೊಮ್ಮೆ" ಎಂದರು.

ಮೊದಲಿನಿಂದ ಜೋಡಿಸಿ ಓಡಿಸಿದೆ.

"ಇನ್ನೊಮ್ಮೆ."

ಸಂಜೆಯ ಗಿರಾಕಿಗಳು ಬಂದು ರೊಟ್ಟಿ ಎಂದು ಕೂಗುವ ತನಕ ಓಡಿಸಿದೆ. ಒಂದು ಸಲವೂ ನಿಲ್ಲಲಿಲ್ಲ.